ಪೆನ್ನಿಗೆ ಪೆನ್ನಿ ಕೂಡಿಸಿ ಕಟ್ಟಿದ ಮನೆ

ಬೆತ್ಲೆಹೇಮ್ ಎಲ್ಲಿದೆ ಎಂದು ಕೇಳಿದರೆ ಶಾಲೆಯ ಹುಡುಗನೂ ಭೂಪಟದಲ್ಲಿ ಏಸುಕ್ರಿಸ್ತ ಹುಟ್ಟಿದ ನಾಡಿನ ಮೇಲೆ ಬೆರಳಿಟ್ಟಾನು. ನಾನು ಕಂಡ ಬೆತ್ಲೆಹೇಮ್ ಬೇರೆ. ಅದು ಬ್ರಿಟನ್ನಿನ ಪಶ್ಚಿಮದ ಅಂಚಿನಲ್ಲಿರುವ ವೇಲ್ಸ್ ನಾಡಿನ ಕಾರ್ಮಾರ್ಥನ್ ಸೀಮೆಯದು. ಒಂದಷ್ಟು ಮನೆಗಳು, ಸುತ್ತ ಕುರಿ ಮೇಯುವ ಗುಡ್ಡಗಳು, ತಲೆಯ ಮೇಲೆ ಸದಾ ಸಿದ್ಧವಾಗಿರುವ ಮಳೆ; ಊರೆಂದರೆ ಇಷ್ಟೆ. ಕ್ರಿಸ್ಮಸ್ ಬಂದಾಗ ತಮ್ಮ ಶುಭಾಶಯದ ಕಾಗದಗಳಿಗೆ ಈ ಊರಿನ ಮುದ್ರೆ ಬೀಳಲಿ ಎಂದು ದೂರದಿಂದ ಜನ ಬರುವುದುಂಟಂತೆ. ಇದೊಂದೇ ಅಲ್ಲ. ಉತ್ತರದಲ್ಲಿ ಕಲ್ಲಿನ ಗಣಿಗಳ ನಡುವೆ ಬೆಥೆಸ್ಡ ಎಂಬ ಪಟ್ಟಣವಿದೆ. ಕಾರ್ಮೆಲ್, ನೆಬೊ, ಹೆರ್ಮೊನ್ ಎಂಬ ಊರುಗಳು ಒಂದಲ್ಲ, ಹಲವಿವೆ. ಯೆಹೂದ್ಯರ ನಾಡಿನ ಬೆಟ್ಟಗಳೆಲ್ಲ ಮಳೆಗೆ ಆಸೆಪಟ್ಟು ಇಲ್ಲಿಗೆ ಬಂದು ನೆಲಸಿದಂತೆ ತೋರುತ್ತದೆ.

ಈ ಹೆಸರುಗಳ ಗುಟ್ಟು ಸರಳವಾದುದು. ಸಾಧಾರಣವಾಗಿ ಊರು ಮೊದಲು, ಪ್ರಾರ್ಥನೆಯ ಮನೆ ಆಮೇಲೆ. ಇಲ್ಲಿ ಹಲವೆಡೆ ಅದು ತಿರುವುಮುರುವಾಯಿತು. ಸುತ್ತಲ ರೈತರು, ಕೂಲಿಗಳು ಸೇರಿ ಎಲ್ಲರಿಗೂ ಅನುಕೂಲವಾಗುವ ಒಂದು ಕೂಡುದಾರಿಯಲ್ಲಿ ಪ್ರಾರ್ಥನೆಗೆಂದು ಮನೆ ಕಟ್ಟಿಕೊಂಡರು. ಸತ್ಯವೇದದಿಂದ ಒಂದು ಹೆಸರನ್ನು ಆರಿಸಿ ಅದಕ್ಕೆ ಇಟ್ಟರು. ಕಾಲಕ್ರಮದಲ್ಲಿ ಅದರ ಸುತ್ತ ಮನೆಗಳೆದ್ದವು, ಅಂಗಡಿ ಬಂತು, ಊರಾಯಿತು. ಊರಿಗೆ ಬೇರೆ ಹೆಸರನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಆ ಪ್ರಾರ್ಥನೆಯ ಮನೆಗೆ ಅವರು ಚಾಪೆಲು ಎನ್ನುತ್ತಾರೆ. ಚರ್ಚು ಬೇರೆ, ಚಾಪೆಲು ಬೇರೆ. ಈ ಭೇದವನ್ನು ತಿಳಿಯದವನಿಗೆ ವೇಲ್ಸ್ ತಿಳಿಯದು.

ನಾನು ಆ ಮತದವನಲ್ಲ, ಚರಿತ್ರೆಯ ಪಂಡಿತನೂ ಅಲ್ಲ. ಮಗಳೂ ಅಳಿಯನೂ ಆ ಸೀಮೆಯಲ್ಲಿ ವೈದ್ಯರಾಗಿದ್ದಾರೆ. ಮೊಮ್ಮಗನನ್ನು ನೋಡಿಕೊಳ್ಳುವ ನೆವದಲ್ಲಿ ಎರಡು ಸಲ ಹೋಗಿ ಐದೈದು ತಿಂಗಳು ಅಲ್ಲಿದ್ದೆ. ಮೊಮ್ಮಗ ಶಾಲೆಗೆ ಹೋದ ಮೇಲೆ ಮುದುಕನಿಗೆ ಏನು ಕೆಲಸ? ಕೊಡೆ ಹಿಡಿದು ತಿರುಗಿದೆ. ತಿರುಗಿದಲ್ಲೆಲ್ಲ ಚಾಪೆಲು ಕಂಡಿತು. ಕೆಲವಕ್ಕೆ ಬೀಗ, ಕೆಲವಕ್ಕೆ ಮಾರಾಟದ ಫಲಕ, ಕೆಲವದರ ಕಿಟಕಿಯಲ್ಲಿ ಯಾರದೋ ಸಂಸಾರದ ಪರದೆ. ನೋಡುತ್ತ ನೋಡುತ್ತ ಅದು ಕಟ್ಟಡದ ಮಾತಲ್ಲ, ನನಗೂ ಸಂಬಂಧಪಟ್ಟ ಮಾತು ಎನ್ನಿಸತೊಡಗಿತು.

ಚಾಪೆಲಿಗಿಂತ ಹಳೆಯದು ಚರ್ಚು. ‘ಲ್ಲಾನ್’ ಎಂದು ಆರಂಭವಾಗುವ ಊರುಗಳು ಆ ನಾಡಿನಲ್ಲಿ ನೂರಾರು: ಲ್ಲಾನ್‌ಡೈಲೊ, ಲ್ಲಾನ್‌ಡಡ್ನೊ, ಲ್ಲಾನ್‌ಬಾಡರ್ನ್. ಆ ಮೊದಲಕ್ಷರವನ್ನು ಲ ಎನ್ನಬಾರದು, ಳ ಎನ್ನಲೂ ಬಾರದು. ನಾಲಿಗೆಯನ್ನು ಲಕಾರಕ್ಕೆ ಇಟ್ಟುಕೊಂಡು ಬರಿಯ ಉಸಿರನ್ನು ಪಕ್ಕದಿಂದ ಬಿಡಬೇಕು. ಳಕಾರ ಬಲ್ಲವನೆಂಬ ಕನ್ನಡಿಗನ ಹೆಮ್ಮೆ ಅಲ್ಲಿ ನನಗೆ ಇಳಿಯಿತು. ಮೊಮ್ಮಗ ಮೂರು ದಿನ ಪಾಠ ಹೇಳಿ ಕೈಬಿಟ್ಟ. ಲ್ಲಾನ್ ಎಂದರೆ ಮೊದಲಿಗೆ ಆವರಣ, ಆಮೇಲೆ ಚರ್ಚಿನ ಜಾಗ. ಐದರಿಂದ ಏಳನೆಯ ಶತಮಾನದವರೆಗೆ ಅಲ್ಲಲ್ಲಿ ನೆಲಸಿದ ಸಂತರ ಹೆಸರುಗಳೇ ಊರುಗಳ ಹೆಸರಾಗಿ ಉಳಿದಿವೆ. ಲ್ಲಾನ್‌ಡೈಲೊ ಎಂದರೆ ಟೈಲೊ ಸಂತನ ಆವರಣ. ಹಳೆಯ ಚರ್ಚುಗಳ ಅಂಗಳ ಎಷ್ಟೋ ಕಡೆ ದುಂಡಗಿರುತ್ತದೆ. ಅಂಚಿನಲ್ಲಿ ಕಪ್ಪು ಹಸುರಿನ ಯೂ ಮರಗಳಿರುತ್ತವೆ. ಬೆರ್ವಿನ್ ಬೆಟ್ಟಗಳ ಮಡಿಲಲ್ಲಿರುವ ಪೆನ್ನಂಟ್ ಮೆಲಾಂಗೆಲ್ ಎಂಬಲ್ಲಿ ಒಂದು ಕಥೆಯಿದೆ. ದೊರೆಯ ಬೇಟೆನಾಯಿಗಳಿಗೆ ಹೆದರಿದ ಮೊಲವೊಂದು ಮೆಲಾಂಗೆಲ್ ಎಂಬ ಸಂತಳ ಉಡುಪಿನ ನೆರಿಗೆಯಲ್ಲಿ ಅವಿತುಕೊಂಡಿತಂತೆ. ದೊರೆ ಬೇಟೆಯನ್ನು ಬಿಟ್ಟು ಆ ಕಣಿವೆಯನ್ನೇ ಅವಳಿಗೆ ಕೊಟ್ಟನಂತೆ. ಅಲ್ಲಿಯ ಜನ ಬಹುಕಾಲ ಮೊಲವನ್ನು ಕೊಲ್ಲುತ್ತಿರಲಿಲ್ಲ.

ಇಷ್ಟು ಪ್ರೀತಿಯ ಚರ್ಚನ್ನು ಜನ ಬಿಟ್ಟು ಹೊರಬಂದದ್ದೇಕೆ? ಕಾರಣಗಳು ಹಲವು, ಅವುಗಳಲ್ಲಿ ಭಾಷೆಯದು ದೊಡ್ಡದು. 1536ರ ಕಾಯಿದೆ ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿ, ಇಂಗ್ಲಿಷು ಬಳಸದವನಿಗೆ ಸರ್ಕಾರದ ಹುದ್ದೆಯಿಲ್ಲ ಎಂದಿತು. ಆದರೆ ಪ್ರಜೆಗಳೆಲ್ಲ ಒಂದೇ ಮತದಲ್ಲಿರಬೇಕೆಂದರೆ ಅದು ಅವರಿಗೆ ಅರ್ಥವಾಗಬೇಕಲ್ಲ! ಆದ್ದರಿಂದ 1563ರಲ್ಲಿ ಅದೇ ಸರ್ಕಾರ ಸತ್ಯವೇದವನ್ನು ವೆಲ್ಷ್ ಭಾಷೆಗೆ ತರಬೇಕೆಂದು ಆಜ್ಞೆಮಾಡಿತು. ವಿಲಿಯಂ ಮಾರ್ಗನ್ ಎಂಬ ಹಳ್ಳಿಯ ಪಾದ್ರಿ ಪಟ್ಟುಹಿಡಿದು ದುಡಿದು 1588ರಲ್ಲಿ ಅದನ್ನು ಪೂರ್ತಿಮಾಡಿದ. ಕಚೇರಿಯಿಂದ ಹೊರಬಿದ್ದ ಭಾಷೆಗೆ ಪ್ರಸಂಗಪೀಠದಲ್ಲಿ ಜಾಗ ಸಿಕ್ಕಿತು. ಒಂದು ಕೈ ಕಿತ್ತುಕೊಂಡದ್ದನ್ನು ಇನ್ನೊಂದು ಕೈ ತಿಳಿಯದೆಯೇ ಹಿಂದಕ್ಕೆ ಕೊಟ್ಟಿತು. ಆದರೆ ಚರ್ಚಿನ ದೊಡ್ಡವರು ದೊಡ್ಡವರಾಗಿಯೇ ಉಳಿದರು. 1870ರಲ್ಲಿ ವೆಲ್ಷ್ ತಾಯ್ನುಡಿಯ ಒಬ್ಬರು ಬಿಷಪ್ಪರಾಗುವವರೆಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯ ಬಿಷಪ್ಪರಲ್ಲಿ ಹೆಚ್ಚಿನವರಿಗೆ ನಾಡಿನ ಭಾಷೆ ಬರುತ್ತಿರಲಿಲ್ಲ. ಬೆಳೆಯ ದಶಮಾಂಶ ಮಾತ್ರ ತಪ್ಪದೆ ವಸೂಲಾಗುತ್ತಿತ್ತು.

ಪುಸ್ತಕ ಬಂತು, ಓದುವವರು? ಆ ಕೆಲಸವನ್ನು ಮಾಡಿದವನೂ ಚರ್ಚಿನ ಪಾದ್ರಿಯೇ. ಕಾರ್ಮಾರ್ಥನ್ ಸೀಮೆಯ ಲ್ಲಾನ್‌ಡೌರೋರ್ ಎಂಬ ಹಳ್ಳಿಯ ಗ್ರಿಫಿತ್ ಜೋನ್ಸ್ 1731ರ ಸುಮಾರಿಗೆ ಸಂಚಾರಿ ಶಾಲೆಗಳನ್ನು ಆರಂಭಿಸಿದ. ಉಪಾಯ ಬಹಳ ಸೊಗಸಾದದ್ದು. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಉಪಾಧ್ಯಾಯ ಒಂದು ಹಳ್ಳಿಗೆ ಬರುತ್ತಾನೆ. ಚರ್ಚಿನಲ್ಲೋ ಕೊಟ್ಟಿಗೆಯಲ್ಲೋ ಮೂರು ತಿಂಗಳು ನಿಂತು, ಮಕ್ಕಳಿಗೆ ಹಗಲು, ದೊಡ್ಡವರಿಗೆ ರಾತ್ರಿ, ಅವರ ಭಾಷೆಯಲ್ಲೇ ಓದಲು ಕಲಿಸಿ ಮುಂದಿನ ಹಳ್ಳಿಗೆ ಹೊರಡುತ್ತಾನೆ. ಬರೆಯುವುದಿಲ್ಲ, ಲೆಕ್ಕವಿಲ್ಲ, ಓದು ಮಾತ್ರ. ಜೋನ್ಸ್ 1761ರಲ್ಲಿ ತೀರಿಕೊಳ್ಳುವ ವೇಳೆಗೆ ಇಂಥ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ನಡೆದಿದ್ದವು; ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅಕ್ಷರ ಕಲಿತಿದ್ದರು ಎಂದು ಲೆಕ್ಕವಿದೆ. ಇಡೀ ನಾಡಿನ ಜನಸಂಖ್ಯೆಯೇ ಆಗ ನಾಲ್ಕೈದು ಲಕ್ಷ. ಮುಂದೆ ಚಾಪೆಲನ್ನು ಕಟ್ಟಿದವರು ಹೀಗೆ ಓದು ಕಲಿತವರ ಮಕ್ಕಳು, ಮೊಮ್ಮಕ್ಕಳು.

ಓದಿನ ಹಸಿವು ಎಷ್ಟಿತ್ತು ಎನ್ನುವುದಕ್ಕೆ ಅಲ್ಲಿ ಎಲ್ಲರೂ ಹೇಳುವ ಕಥೆ ಮೇರಿ ಜೋನ್ಸಳದು. 1800ರಲ್ಲಿ ಹದಿನೈದು ವರ್ಷದ ಈ ನೇಯ್ಗೆಯವನ ಮಗಳು ವರ್ಷಗಟ್ಟಲೆ ಕೂಡಿಟ್ಟ ಕಾಸನ್ನು ಗಂಟುಕಟ್ಟಿಕೊಂಡು, ಬೆಟ್ಟದ ದಾರಿಯಲ್ಲಿ ಇಪ್ಪತ್ತೈದು ಮೈಲಿಗೂ ಮಿಗಿಲಾಗಿ ನಡೆದು, ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸರಿಂದ ಒಂದು ಸತ್ಯವೇದವನ್ನು ಕೊಂಡು ತಂದಳು. ಜನಕ್ಕೆ ಬೇಕು, ಪುಸ್ತಕವಿಲ್ಲ ಎಂಬ ಚಾರ್ಲ್ಸರ ಸಂಕಟ 1804ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸೊಸೈಟಿ ಹುಟ್ಟುವುದಕ್ಕೆ ಒಂದು ಕಾರಣವಾಯಿತು. ಆ ಸಂಘ ವೇಲ್ಸಿಗೇ ನಿಲ್ಲಲಿಲ್ಲ. ನಮ್ಮ ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದ ಪೂರ್ಣ ಬೈಬಲು 1831ರಲ್ಲಿ ಹೊರಬಂದದ್ದರ ಹಿಂದೆಯೂ ಅದರ ನೆರವಿತ್ತು. ಕನ್ನಡದ ಮೊದಮೊದಲ ಅಚ್ಚಿನ ಗದ್ಯದಲ್ಲಿ ಅದೊಂದು. ಇನ್ನೊಂದು ನಂಟೂ ಉಂಟು: 1841ರಲ್ಲಿ ಚಿರಾಪುಂಜಿಗೆ ಬಂದ ಥಾಮಸ್ ಜೋನ್ಸ್ ಎಂಬ ವೆಲ್ಷ್ ಪಾದ್ರಿ ಖಾಸಿ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆದಾಗ ತನ್ನ ಭಾಷೆಯ ಕಾಗುಣಿತವನ್ನೇ ಆಧಾರವಾಗಿಟ್ಟುಕೊಂಡ. ಇಂದೂ ಖಾಸಿ ಬರಹದಲ್ಲಿ ವೇಲ್ಸಿನ ನೆರಳಿದೆ.

ಓದಿನ ಜೊತೆಗೆ ಹಾಡು. 1735ರಿಂದ ಈಚೆಗೆ ಹವೆಲ್ ಹ್ಯಾರಿಸ್, ಡೇನಿಯಲ್ ರೋಲಂಡ್ ಮೊದಲಾದವರು ಬಯಲಿನಲ್ಲಿ ನಿಂತು ಉಪದೇಶಮಾಡಿದಾಗ ನಾಡಿಗೆ ನಾಡೇ ಎದ್ದು ನಿಂತಿತು. ಲ್ಲಾನ್‌ಡವರಿ ಪೇಟೆಯ ಹತ್ತಿರ ಪಂಟಿಕೆಲಿನ್ ಎಂಬ ಒಕ್ಕಲುಮನೆಯ ವಿಲಿಯಂ ವಿಲಿಯಮ್ಸ್ ಕುದುರೆಯ ಮೇಲೆ ಊರೂರು ಅಲೆಯುತ್ತ ನೂರಾರು ಕೀರ್ತನೆಗಳನ್ನು ಕಟ್ಟಿದ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಆನ್ ಗ್ರಿಫಿತ್ಸಳ ಕಥೆ. ಅವಳು ಉತ್ತರದ ಒಂದು ಹೊಲಮನೆಯ ಹೆಂಗಸು. 1805ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಹೆರಿಗೆಯಾದ ಕೆಲದಿನಕ್ಕೇ ತೀರಿಕೊಂಡಳು. ಕೆಲಸದ ನಡುವೆ ಅವಳಿಗೆ ಹಾಡು ಹೊಳೆಯುತ್ತಿತ್ತು. ಮನೆಯಾಳು ರೂತ್‌ಗೆ ಅದನ್ನು ಹೇಳಿ ತೋರಿಸುತ್ತಿದ್ದಳು. ರೂತ್‌ಗೆ ಬರೆಯಲು ಬರುತ್ತಿರಲಿಲ್ಲ. ಒಡತಿ ಸತ್ತ ಮೇಲೆ ಅವಳ ಬಾಯಿಂದ ಕೇಳಿ ಅವಳ ಗಂಡ ಆ ಹಾಡುಗಳನ್ನು ಬರೆದಿಟ್ಟ. ಆನ್‌ಳ ಕೈಬರಹದಲ್ಲಿ ಉಳಿದಿರುವುದು ಒಂದೇ ಒಂದು ಪದ್ಯ. ವೆಲ್ಷ್ ಸಾಹಿತ್ಯದ ಅತ್ಯುತ್ತಮ ಭಕ್ತಿಗೀತಗಳೆಂದು ವಿದ್ವಾಂಸರು ಹೊಗಳುವ ಆ ಎಪ್ಪತ್ತರಷ್ಟು ಪದ್ಯಗಳು ಕಸಗುಡಿಸುವ ಹುಡುಗಿಯೊಬ್ಬಳ ನೆನಪಿನಲ್ಲಿ ಬದುಕಿಕೊಂಡವು. ಒಂದು ಜನಾಂಗದ ಸಂಸ್ಕೃತಿ ಎಲ್ಲಿರುತ್ತದೆ ಎಂದು ಕೇಳಿದರೆ ನನಗೆ ಈಗ ಆ ರೂತಳ ನೆನಪು ಬರುತ್ತದೆ.

ಇನ್ನು ಕಟ್ಟಡದ ಮಾತು. ರಾಜಚರ್ಚಿಗೆ ಒಪ್ಪದವರು ಕೂಡಿ ಪ್ರಾರ್ಥಿಸಬಹುದೆಂದು 1689ರ ಕಾಯಿದೆ ಅನುಮತಿಕೊಟ್ಟಿತು. ಗ್ಲಾಸ್‌ಬರಿಯ ಹತ್ತಿರದ ಮೈಸಿರೊನೆನ್ 1690ರ ದಶಕದ್ದು; ಹೊರಗಿನಿಂದ ನೋಡಿದರೆ ರೈತನ ಮನೆಯಂತೆಯೇ ಇದೆ. ಆಮೇಲೆ ಕೊಟ್ಟಿಗೆಗಳು ಚಾಪೆಲಾದವು. ಕೈಯಲ್ಲಿ ಕಾಸು ಕೂಡಿದಂತೆ ಕಲ್ಲಿನ ಕಟ್ಟಡಗಳೆದ್ದವು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸರಾಸರಿ ಎಂಟು ದಿನಕ್ಕೊಂದು ಚಾಪೆಲು ಮುಗಿಯುತ್ತಿತ್ತೆಂದು ಹೇಳುತ್ತಾರೆ. ಜಮೀನ್ದಾರನ ಕೊಡುಗೆಯಿಲ್ಲ, ಸರ್ಕಾರದ ಹಣವಿಲ್ಲ. ರೈತರು ಗಾಡಿಯಲ್ಲಿ ಕಲ್ಲು ಹೊಡೆದರು. ಬಡಗಿ ತನ್ನ ಕೂಲಿಯನ್ನು ಬಿಟ್ಟುಕೊಟ್ಟ. ಉಳಿದವರು ವಾರವಾರ ಪೆನ್ನಿಗೆ ಪೆನ್ನಿ ಕೂಡಿಸಿ ಸಾಲ ತೀರಿಸಿದರು. ಯಾರು ಎಷ್ಟು ಕೊಟ್ಟರೆಂದು ವರ್ಷಕ್ಕೊಮ್ಮೆ ಹೆಸರು ಹೆಸರಾಗಿ ಅಚ್ಚುಹಾಕಿಸಿ ಮನೆಮನೆಗೆ ಹಂಚುವ ಪದ್ಧತಿ ಬೆಳೆಯಿತು. ಭಕ್ತಿಯ ಜೊತೆಗೆ ನೆರೆಯವರ ಕಣ್ಣೂ ಸೇರಿದರೆ ಹುಂಡಿ ಬೇಗ ತುಂಬುತ್ತದೆ. ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಕೇಂಬ್ರಿಯನ್ ಬೆಟ್ಟಗಳ ನಡುವೆ ಸೋರ್-ಅ-ಮನಿದ್ ಎಂಬ ಚಾಪೆಲಿದೆ, 1822ರದ್ದು. ಕಣ್ಣು ಹಾಯುವಷ್ಟು ದೂರ ಒಂದು ಊರಿಲ್ಲ. ಚದರಿದ ಕುರುಬರ ಮನೆಗಳಿಂದ ಜನ ಕುದುರೆ ಏರಿ ಬರಬೇಕು. ಆದ್ದರಿಂದ ಪ್ರಾರ್ಥನೆಯ ಕೋಣೆ, ವಾಸದ ಮನೆ, ಕುದುರೆ ಲಾಯ ಮೂರೂ ಒಂದೇ ಸೂರಿನ ಕೆಳಗಿವೆ. ಕುರುಬರ ಮಕ್ಕಳಿಗೆ ಅದೇ ಶಾಲೆಯೂ ಆಗಿತ್ತು. 1947ರ ಭಯಂಕರ ಹಿಮದಲ್ಲಿ ಕುರಿಗಳು ಸತ್ತು ಎಷ್ಟೋ ಸಂಸಾರಗಳು ಬೆಟ್ಟವನ್ನು ಬಿಟ್ಟಿಳಿದವು. ಆದರೂ ಬೇಸಗೆಯಲ್ಲಿ ಅಲ್ಲಿ ಇಂದೂ ಆರಾಧನೆ ನಡೆಯುತ್ತದೆ. 1986ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಂದು ಹೋದರಂತೆ. ಆ ಗೋಡೆಗಳ ಬಿಳುಪಿನ ಮುಂದೆ ಅಧ್ಯಕ್ಷನೂ ಕುರುಬನೂ ಒಂದೇ ಎತ್ತರ.

ಒಳಗೆ ವಿಗ್ರಹವಿಲ್ಲ, ಚಿತ್ರವಿಲ್ಲ. ನಡುವೆ ಎತ್ತರದ ಪ್ರಸಂಗಪೀಠ. ಅದರ ಬುಡದಲ್ಲಿ ಕಟಕಟೆಯಂಥ ‘ದೊಡ್ಡ ಪೀಠ’, ಹಿರಿಯರು ಕೂರುವ ಸ್ಥಳ. ಎದುರಿನ ಮಾಳಿಗೆಯ ಮೇಲೆ ಗಡಿಯಾರ; ಅದರ ಮುಖ ಜನರ ಕಡೆಗಲ್ಲ, ಪ್ರಸಂಗ ಮಾಡುವವನ ಕಡೆಗೆ! ಕಾರ್ಮಾರ್ಥನ್ ಸೀಮೆಯಿಂದ ಬಿಚ್ಚಿ ತಂದು ಕಾರ್ಡಿಫಿನ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿರುವ ಪೆನ್‌ರಿವ್ ಎಂಬ ಪುಟ್ಟ ಚಾಪೆಲಿನಲ್ಲಿ ಪೆಟ್ಟಿಗೆಯಂಥ ಪೀಠಗಳು ಒಂದರಂತೆ ಒಂದಿಲ್ಲ. ಆಯಾ ಮನೆಯವರು ಆಯಾ ಪೀಠವನ್ನು ತಮ್ಮ ಶಕ್ತಿಯಂತೆ ಮಾಡಿಸಿಕೊಂಡದ್ದು. ಇನ್ನು ಸೇಲಂ ಎಂಬ ಚಾಪೆಲಿನ ಒಳಗನ್ನು ಕರ್ನೋ ವೋಸ್ಪರ್ 1908ರಲ್ಲಿ ಬರೆದ ಚಿತ್ರ ಆ ನಾಡಿನ ಮನೆಮನೆಯ ಗೋಡೆಯ ಮೇಲಿತ್ತು. ಸಾಬೂನಿನ ಕಂಪನಿಯೊಂದು ಮೂಲಚಿತ್ರವನ್ನು ಕೊಂಡು, ಸಾಬೂನು ಕೊಂಡವರಿಗೆ ಅದರ ಪ್ರತಿಯನ್ನು ಹಂಚಿತು. ಅದರಲ್ಲಿ ಹಳೆಯ ಕಾಲದ ಎತ್ತರದ ಟೋಪಿ ಹಾಕಿದ ಹೆಂಗಸರಿದ್ದಾರೆ. ಆ ವೇಳೆಗೆ ಅಂಥ ಟೋಪಿಯ ಬಳಕೆ ತಪ್ಪಿಹೋಗಿತ್ತು. ಸಿಕ್ಕಿದ ಒಂದನ್ನೇ ಒಬ್ಬರಾದ ಮೇಲೆ ಒಬ್ಬರು ಹಾಕಿಕೊಂಡು ಚಿತ್ರಕ್ಕೆ ಕೂತರಂತೆ.

ಪ್ರಾರ್ಥನೆ ಭಾನುವಾರದ ಮಾತು. ಚಾಪೆಲು ವಾರವಿಡೀ ದುಡಿಯುತ್ತಿತ್ತು. ಭಾನುವಾರದ ಶಾಲೆಗೆ ಮಕ್ಕಳಷ್ಟೇ ಅಲ್ಲ, ಅಜ್ಜಂದಿರೂ ಬರುತ್ತಿದ್ದರು. ಒಂದೊಂದು ವಾಕ್ಯವನ್ನು ಹಿಡಿದು ಗಂಟೆಗಟ್ಟಲೆ ಚರ್ಚೆಮಾಡುತ್ತಿದ್ದರು. ಮಗು ನಾಲ್ಕು ಜನರೆದುರು ನಿಂತು ವಚನ ಒಪ್ಪಿಸುತ್ತಿತ್ತು. ವಾರದ ನಡುವೆ ಕವಿತಾಸ್ಪರ್ಧೆ, ವಾಚನ, ಚಹದ ಕೂಟ. ಪಿಯಾನೊ ಕೊಳ್ಳಲಾರದ, ಪಾಶ್ಚಾತ್ಯ ಸಂಗೀತದ ಗೆರೆಚುಕ್ಕೆಗಳನ್ನು ಓದಲಾರದ ಜನಕ್ಕೆ ಟಾನಿಕ್ ಸಾಲ್‌ಫಾ ಎಂಬ ಸ್ವರಲಿಪಿ ಬಂತು. ನಮ್ಮ ಸರಿಗಮದಂತೆ ಅದೂ ಬರಿಯ ಅಕ್ಷರಗಳ ಲಿಪಿ. ಅದನ್ನು ಕಲಿತು ಗಣಿಯವನೂ ಹಾಲು ಕರೆಯುವವಳೂ ನಾಲ್ಕು ಶ್ರುತಿಗಳಲ್ಲಿ ಕೂಡಿ ಹಾಡಿದರು. 1859ರಿಂದ ಈಚೆಗೆ ಹಲವು ಚಾಪೆಲುಗಳು ಒಂದೆಡೆ ಸೇರಿ ದಿನವಿಡೀ ಹಾಡುವ ‘ಕಮಾನ್ವ ಗಾನಿ’ ಎಂಬ ಉತ್ಸವವಾಯಿತು. ಅಲ್ಲಿ ಸಭಿಕರೆಂಬವರಿಲ್ಲ, ಬಂದವರೆಲ್ಲ ಹಾಡುವವರೇ. ಉತ್ತರದ ಕೆಲವು ಹಳ್ಳಿಗಳ ಚರ್ಚುಗಳಲ್ಲಿ ಕ್ರಿಸ್ಮಸ್ ಕಾಲದಲ್ಲಿ ‘ಪ್ಲಗೈನ್’ ನಡೆಯುತ್ತದೆ. ಯಾರೂ ಹೆಸರು ಕೂಗುವುದಿಲ್ಲ. ಇಬ್ಬರೋ ಮೂವರೋ ಮನೆಮಂದಿ ತಾವಾಗಿ ಎದ್ದು ಬಂದು, ವಾದ್ಯವಿಲ್ಲದೆ ಹಾಡಿ, ಮಾತಿಲ್ಲದೆ ಹೋಗಿ ಕೂರುತ್ತಾರೆ. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಅಂದು ಹಾಡಬಾರದು. ಚಪ್ಪಾಳೆಯೂ ಇಲ್ಲ.

ಹೀಗೆ ಕೂಡಿ ಓದಿ, ಹಾಡಿ, ಸಭೆ ನಡೆಸಿ ಅಭ್ಯಾಸವಾದವರು ಬಹುಕಾಲ ತಲೆತಗ್ಗಿಸಿ ಇರಲಾರರು. 1847ರಲ್ಲಿ ವೆಲ್ಷ್ ತಿಳಿಯದ ಮೂವರು ಇಂಗ್ಲಿಷ್ ಅಧಿಕಾರಿಗಳು ವಿದ್ಯಾಭ್ಯಾಸದ ವಿಚಾರಣೆ ನಡೆಸಿ, ಈ ಜನದ ಹಿಂದುಳಿದಿರುವಿಕೆಗೆ ಅವರ ಭಾಷೆಯೂ ಚಾಪೆಲೂ ಕಾರಣವೆಂದು ಬರೆದರು. ಆ ನೀಲಿಹೊದಿಕೆಯ ವರದಿಗೆ ಜನ ‘ನೀಲಿ ಪುಸ್ತಕಗಳ ದ್ರೋಹ’ ಎಂದು ಹೆಸರಿಟ್ಟರು, ಇಂದಿಗೂ ಮರೆತಿಲ್ಲ. ಶಾಲೆಯಲ್ಲಿ ತಾಯ್ನುಡಿಯಾಡಿದ ಮಗುವಿನ ಕುತ್ತಿಗೆಗೆ ಮರದ ತುಂಡು ನೇತುಹಾಕುತ್ತಿದ್ದ ಕಾಲ ಅದು. 1868ರ ಚುನಾವಣೆಯಲ್ಲಿ ಜಮೀನ್ದಾರರ ವಿರುದ್ಧ ಮತ ಕೊಟ್ಟ ಒಕ್ಕಲುಗಳನ್ನು ಹೊಲಮನೆಗಳಿಂದ ಹೊರಹಾಕಿದರು. 1872ರಲ್ಲಿ ಗುಪ್ತಮತದ ಕಾಯಿದೆ ಬರುವುದಕ್ಕೆ ಅವರ ಕಣ್ಣೀರೂ ಸೇರಿತ್ತು. 1880ರ ದಶಕದ ಕೊನೆಯಲ್ಲಿ ತಮ್ಮದಲ್ಲದ ಚರ್ಚಿಗೆ ದಶಮಾಂಶ ಕೊಡೆವೆಂದು ರೈತರು ನಿಂತರು. ಚಮ್ಮಾರನಾಗಿದ್ದು ಚಾಪೆಲಿನಲ್ಲಿ ಉಪದೇಶ ಮಾಡುತ್ತಿದ್ದ ಸೋದರಮಾವನ ಆಸರೆಯಲ್ಲಿ ಬೆಳೆದ ಲಾಯಿಡ್ ಜಾರ್ಜ್ ಬ್ರಿಟನ್ನಿನ ಪ್ರಧಾನಿಯಾದ. ಕೊನೆಗೆ 1914ರಲ್ಲಿ ಆದ ಕಾಯಿದೆ, ಯುದ್ಧ ಮುಗಿದ ಮೇಲೆ 1920ರಲ್ಲಿ ಜಾರಿಗೆ ಬಂದು, ವೇಲ್ಸಿನಲ್ಲಿ ಚರ್ಚಿಗಿದ್ದ ರಾಜಪದವಿಯನ್ನು ತೆಗೆದುಹಾಕಿತು.

ಚಾಪೆಲನ್ನು ಬರಿಯ ಹೊಗಳಿ ಬಿಡುವುದು ನ್ಯಾಯವಲ್ಲ. ‘ದೊಡ್ಡ ಪೀಠ’ದ ಹಿರಿಯರು ದೊಡ್ಡ ಮನಸ್ಸಿನವರೇ ಆಗಿರಬೇಕೆಂದೇನೂ ಇರಲಿಲ್ಲ. ಮದುವೆಯಿಲ್ಲದೆ ಬಸುರಾದ ಹೆಣ್ಣನ್ನು ಸಭೆಯೆದುರಿಗೆ ನಿಲ್ಲಿಸಿ ಹೊರಹಾಕುತ್ತಿದ್ದರು. ಗಂಡಸಿನ ಹೆಸರು ಎಷ್ಟೋ ವೇಳೆ ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ. ಕ್ಯಾರಡಾಕ್ ಎವನ್ಸ್ 1915ರಲ್ಲಿ ಈ ಕಪಟವನ್ನೆಲ್ಲ ಕಥೆಗಳಾಗಿ ಬರೆದಾಗ ನಾಡು ಅವನನ್ನು ಬೈದದ್ದು ಸುಳ್ಳು ಬರೆದನೆಂದಷ್ಟೇ ಅಲ್ಲ ಎಂದು ನನ್ನ ಗುಮಾನಿ. ಜಗಳಗಳೂ ಕಡಮೆಯಿರಲಿಲ್ಲ. ಒಂದು ಹಳೆಯ ನಗೆಮಾತಿದೆ: ನಿರ್ಜನ ದ್ವೀಪದಲ್ಲಿ ಒಬ್ಬನೇ ಸಿಕ್ಕಿಬಿದ್ದ ವೆಲ್ಷ್‌ನವನು ಎರಡು ಚಾಪೆಲು ಕಟ್ಟಿದ್ದನಂತೆ. ಎರಡೇಕೆ ಎಂದರೆ, “ಒಂದು ನಾನು ಹೋಗುವುದು, ಇನ್ನೊಂದು ನಾನು ಸತ್ತರೂ ಕಾಲಿಡದ್ದು” ಎಂದನಂತೆ. ಭಾನುವಾರ ಮದ್ಯದಂಗಡಿ ಮುಚ್ಚಬೇಕೆಂದು 1881ರಲ್ಲಿ ಕಾಯಿದೆಯಾಯಿತು. 1961ರಿಂದ ಸೀಮೆಸೀಮೆಗೆ ಜನಮತ ಕೇಳುತ್ತ ಬಂದು, ಕೊನೆಯದಾಗಿ ದ್ವಿವೋರ್ ಸೀಮೆ ಬಾಗಿಲು ತೆರೆದದ್ದು 1996ರಲ್ಲಿ. ಅಷ್ಟು ದಿನ ಅಲ್ಲಿಯವರು ಭಾನುವಾರ ಪಕ್ಕದ ಸೀಮೆಗೆ ಹೋಗಿ ಬಾಯಾರಿಕೆ ತೀರಿಸಿಕೊಂಡು ಬರುತ್ತಿದ್ದರೆಂದು ನೆರೆಮನೆಯಾಕೆ ನನಗೆ ಹೇಳಿದಳು.

1904ರಲ್ಲಿ ಇವನ್ ರಾಬರ್ಟ್ಸ್ ಎಂಬ ಇಪ್ಪತ್ತಾರು ವರ್ಷದ, ಹಿಂದೆ ಗಣಿಯಲ್ಲಿ ದುಡಿದಿದ್ದ ತರುಣನ ಮಾತಿಗೆ ನಾಡು ಮತ್ತೊಮ್ಮೆ ಉಕ್ಕಿತು. ಅದು ಆರುವ ದೀಪದ ಬೆಳಕಾಯಿತೇನೋ. ಯುದ್ಧಗಳು ಬಂದವು, ಗಣಿಗಳು ಮುಚ್ಚಿದವು, ತರುಣರು ಇಂಗ್ಲೆಂಡಿಗೆ ಹೋದರು, ರೇಡಿಯೊ, ಸಿನಿಮ, ಕಾರು ಭಾನುವಾರವನ್ನು ಹಂಚಿಕೊಂಡವು. ಒಂದೆಡೆಯಂತೂ ಚಾಪೆಲು ನೀರಿನ ಪಾಲಾಯಿತು. ಲಿವರ್‌ಪೂಲ್ ನಗರದ ನೀರಿಗಾಗಿ ಟ್ರವೆರಿನ್ ಕಣಿವೆಗೆ ಅಣೆಕಟ್ಟು ಹಾಕಿ, 1965ರಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಮುಳುಗಿಸಿದರು. ವೇಲ್ಸಿನ ಪಾರ್ಲಿಮೆಂಟ್ ಸದಸ್ಯರಲ್ಲಿ ಒಬ್ಬರೂ ಅದರ ಪರವಾಗಿ ಮತ ಕೊಟ್ಟಿರಲಿಲ್ಲ; ಆದರೂ ಕಾಯಿದೆ ಆಯಿತು. ಹಳ್ಳಿಯವರು 1963ರ ಸೆಪ್ಟೆಂಬರಿನಲ್ಲಿ ತಮ್ಮ ಚಾಪೆಲಿನಲ್ಲಿ ಕೊನೆಯ ಆರಾಧನೆ ನಡೆಸಿದರು. ಲಿವರ್‌ಪೂಲ್ ನಗರಸಭೆ 2005ರಲ್ಲಿ ಕ್ಷಮೆ ಕೇಳಿತು. ಮಿಕ್ಕ ಕಡೆ ನೀರು ಬರಲಿಲ್ಲ. ಜನ ಬರುವುದು ನಿಂತಿತು. 2021ರ ಜನಗಣತಿಯಲ್ಲಿ ವೇಲ್ಸಿನ ನೂರರಲ್ಲಿ 46 ಮಂದಿಗೂ ಹೆಚ್ಚು ತಮಗೆ ಯಾವ ಮತವೂ ಇಲ್ಲವೆಂದು ಬರೆಸಿದರು. ವೆಲ್ಷ್ ಆಡಬಲ್ಲವರು ಸುಮಾರು 5,38,000; ನೂರಕ್ಕೆ ಹದಿನೆಂಟೂ ಇಲ್ಲ.

ನೆರೆಮನೆಯಾಕೆ ಎಂದೆನಲ್ಲ, ಅವಳಿಗೆ ಎಂಬತ್ತು ದಾಟಿದೆ. ಒಂದು ಭಾನುವಾರ ನನ್ನನ್ನು ತನ್ನ ಚಾಪೆಲಿಗೆ ಕರೆದುಕೊಂಡು ಹೋದಳು. ಚಾಪೆಲಿನ ಹೆಸರು ಬೇಡ. ಸಣ್ಣ ಊರು, ಎಲ್ಲರೂ ಗುರುತಿನವರು. ಮುನ್ನೂರು ಜನ ಕೂರುವ ಕಟ್ಟಡದಲ್ಲಿ ನಾನಲ್ಲದೆ ಹನ್ನೊಂದು ಮಂದಿ. ಹನ್ನೊಂದು ಜನವೂ ಒತ್ತಾಗಿ ಮುಂದೆ ಕೂರಬಾರದೆ? ಇಲ್ಲ, ಒಬ್ಬೊಬ್ಬರೂ ತಮ್ಮ ಅಜ್ಜ ಮುತ್ತಜ್ಜ ಕೂತ ಪೀಠದಲ್ಲೇ, ಒಬ್ಬರು ಬಾಗಿಲ ಬಳಿ, ಒಬ್ಬರು ಕಂಬದ ಮರೆಯಲ್ಲಿ, ಒಬ್ಬರು ಮಾಳಿಗೆಯ ಮೇಲೆ. ನಡುವೆ ಖಾಲಿ ಪೀಠಗಳು. ಹಾಡಲು ಎದ್ದಾಗ ಆ ಮೂಲೆಯಿಂದ ಒಂದು ಶ್ರುತಿ, ಈ ಮೂಲೆಯಿಂದ ಒಂದು ಶ್ರುತಿ ಬಂದು ಮೇಲೆಲ್ಲೋ ಸೇರಿದವು. ಒಂದು ಮಾತೂ ನನಗೆ ತಿಳಿಯಲಿಲ್ಲ. ಆದರೂ ಎದ್ದು ನಿಂತವನು ಕೂರುವುದನ್ನು ಮರೆತಿದ್ದೆ.

ಆಮೇಲೆ ಪಕ್ಕದ ಕೋಣೆಯಲ್ಲಿ ಚಹ, ಒಣದ್ರಾಕ್ಷಿಯ ರೊಟ್ಟಿ, ಜೊತೆಗೆ ಸಭೆ. ಛಾವಣಿ ಸೋರುತ್ತಿದೆ; ರಿಪೇರಿಗೆ ಹಣವಿಲ್ಲ; ಮುಂದಿನ ವರ್ಷ ಬಾಗಿಲು ಹಾಕುವುದೇ ಸರಿ ಎಂಬ ಮಾತು. ಅದು ಹತ್ತು ನಿಮಿಷದಲ್ಲಿ ಇತ್ಯರ್ಥವಾಯಿತು, ಯಾರೂ ಅಳಲಿಲ್ಲ. ಹಳೆಯ ದಾಖಲೆ ಪುಸ್ತಕಗಳು ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಲಿ ಎಂದರು, ಅದೂ ಆಯಿತು. ಆಮೇಲೆ ಎದ್ದಿತು ನೋಡಿ, ಬಟ್ಟಲುಗಳ ಪ್ರಶ್ನೆ! ಚಾಪೆಲಿನ ಹೆಸರನ್ನು ಅಚ್ಚೊತ್ತಿಸಿದ ನೂರಿಪ್ಪತ್ತು ಚಹದ ಬಟ್ಟಲುಗಳಿವೆ. ಯಾರಿಗೆ ಕೊಡುವುದು? ಶಾಲೆಗೆಂದರು ಒಬ್ಬರು, ಒಡೆದುಹಾಕುತ್ತಾರೆ ಎಂದರು ಇನ್ನೊಬ್ಬರು. ಎದುರು ಚಾಪೆಲಿಗೆ ಎಂದಾಗ ಮೂವರು ಒಟ್ಟಿಗೆ ತಲೆಯಾಡಿಸಿದರು. ಮುಕ್ಕಾಲು ಗಂಟೆ ಆಯಿತು, ಮುಖ ಕೆಂಪಾದವು, ಮತ ಎಣಿಸಿದರು, ಒಬ್ಬರು ಬರೆದುಕೊಂಡರು. ಎಲ್ಲವೂ ವೆಲ್ಷ್‌ನಲ್ಲಿ. ನೆರೆಮನೆಯಾಕೆ ಮಧ್ಯೆ ಮಧ್ಯೆ ನನ್ನ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಹೊರಡುವಾಗ ಕೇಳಿದಳು: “ನಿಮ್ಮ ಭಾಷೆಯನ್ನು ಎಷ್ಟು ಜನ ಆಡುತ್ತಾರೆ?” ನಾಲ್ಕು ಕೋಟಿಗೂ ಮೇಲೆ ಎಂದೆ. ಅವಳು ನಿಂತಳು. “ಹಾಗಾದರೆ ನಿಮಗೇನು ಭಯ!” ಎಂದಳು. ನಾನು ಉತ್ತರ ಹೇಳಲಿಲ್ಲ.

ಉತ್ತರ ಹೇಳುವುದು ಕಷ್ಟವಿತ್ತು. ಹಿಂದಿನ ವಾರವಷ್ಟೇ ಮಗಳು ಮತ್ತು ಆ ಸೀಮೆಯ ಹತ್ತಾರು ಕನ್ನಡ ಮನೆಗಳವರು ಒಂದು ಹಜಾರವನ್ನು ಬಾಡಿಗೆಗೆ ಹಿಡಿದು ಯುಗಾದಿ ಮಾಡಿದ್ದರು. ಒಬ್ಬಟ್ಟಿತ್ತು, ಬೇವುಬೆಲ್ಲವಿತ್ತು. ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಹಾಡುಗಳನ್ನು ಚೆನ್ನಾಗಿಯೇ ಹಾಡಿದವು. ಹಾಡು ಮುಗಿದ ಮೇಲೆ ಹಜಾರದ ಬಾಡಿಗೆ ಎಷ್ಟು, ಪಾತ್ರೆ ತೊಳೆಯುವವರು ಯಾರು, ಕಳೆದ ವರ್ಷದ ಲೆಕ್ಕ ಯಾಕೆ ತಾಳೆಯಾಗಲಿಲ್ಲ ಎಂಬ ಮಾತು ಬಂತು. ಅದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿಯೂ ಈಗ ಹಾಗೆಯೇ. ಹಬ್ಬ ಕನ್ನಡದ್ದು, ಹಣಕಾಸು ಇಂಗ್ಲಿಷಿನದು. ನನ್ನ ಮೊಮ್ಮಗ ಶಾಲೆಯಲ್ಲಿ ಕಲಿತ ವೆಲ್ಷ್ ಹಾಡನ್ನು ಹಾಡುತ್ತಾನೆ, “ತಾತಾ” ಎಂದು ಕರೆಯುತ್ತಾನೆ. ಆದರೆ ನನ್ನ ಮೇಲೆ ಸಿಟ್ಟು ಬಂದರೆ ಇಂಗ್ಲಿಷಿನಲ್ಲೇ ಬೈಯುತ್ತಾನೆ. ಆ ಬೈಗುಳ ಕನ್ನಡದಲ್ಲಿ ಇರಬಾರದಾಗಿತ್ತೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಚಾಪೆಲು ಹೋದರೆ ವೆಲ್ಷ್ ಹೋಯಿತೆಂದು ಹೇಳಲಾಗದು. 1939ರಲ್ಲಿ ಅಬರಿಸ್ಟ್‌ವಿತ್‌ನಲ್ಲಿ ಏಳೇ ಮಕ್ಕಳಿಂದ ಮೊದಲಾದ ವೆಲ್ಷ್ ಮಾಧ್ಯಮದ ಶಾಲೆ ಇಂದು ನಾಡಿನಾದ್ಯಂತ ಕವಲೊಡೆದಿದೆ. 1982ರಿಂದ ಅವರದೇ ಟೆಲಿವಿಷನ್ ಇದೆ. ಆ ಶಾಲೆಗಳಲ್ಲಿ ಗಣಿತವೂ ಜಗಳವೂ ವೆಲ್ಷ್‌ನಲ್ಲಿ ನಡೆಯುತ್ತವೆ. ದೇವರಿಗಾಗಿ ಕಟ್ಟಿದ ಮನೆಯಲ್ಲಿ ಭಾಷೆ ಇನ್ನೂರು ವರ್ಷ ಬಾಡಿಗೆ ಕೊಡದೆ ವಾಸವಾಗಿತ್ತು. ಈಗ ಬೇರೆ ಮನೆಗೆ ಸಾಮಾನು ಸಾಗಿಸುತ್ತಿದೆ. ಎಲ್ಲ ಸಾಮಾನೂ ಹೋಗಿ ತಲಪೀತೆ ಎಂಬ ಆತಂಕ ಅವರಿಗಿದೆ. ಆದರೆ ಸಾಗಿಸುವವರು ಅವರೇ.

ಭಾಷೆಗೆ ನಾವು ಗುಡಿ ಕಟ್ಟುತ್ತೇವೆ, ತೇರು ಎಳೆಯುತ್ತೇವೆ, ಬೇಡವೆನ್ನುವುದಿಲ್ಲ. ಆದರೆ ಆ ಹಳ್ಳಿಯ ಬಡವರು ಮಾಡಿದ್ದು ಅದಲ್ಲ. ಅವರು ತಮ್ಮ ಭಾಷೆಯನ್ನು ಪೂಜಿಸಲಿಲ್ಲ. ಅದರಲ್ಲಿ ಸಾಲ ಮಾಡಿದರು, ಸಾಲ ತೀರಿಸಿದರು, ಸರದಿಯ ಮೇಲೆ ನೆಲ ಗುಡಿಸಿದರು, ಒಬ್ಬರನ್ನೊಬ್ಬರು ಹೊರಹಾಕಿದರು, ಮತ್ತೆ ಒಳಕ್ಕೆ ಕರೆದರು. ಹಾಡು ತಾಯ್ನುಡಿಯಲ್ಲಿ ಉಳಿಯುವುದು ಸುಲಭ. ಲೆಕ್ಕ ಉಳಿಯುವುದು ಕಷ್ಟ. ಮೊನ್ನೆ ಮಗಳಿಗೆ ಕಾಗದ ಬರೆದಿದ್ದೇನೆ: ಮುಂದಿನ ಯುಗಾದಿಯ ಖರ್ಚಿನ ಪಟ್ಟಿಯನ್ನಾದರೂ ಕನ್ನಡದಲ್ಲಿ ಬರೆಯಿರಿ, ತಪ್ಪಿದ್ದರೂ ಚಿಂತೆಯಿಲ್ಲ, ಜಗಳವಾದರೆ ಇನ್ನೂ ಒಳ್ಳೆಯದು.